ಟ್ರಾಲಿಗೆ ಬಿದ್ದ ಕುಳಿಗಳು

ನನ್ನ ಮೊಮ್ಮಗಳ ಕೈಗೆ ಇವತ್ತು ಬಣ್ಣ ಹೊಡೆಯುವ ಗನ್ ಬಂತು. ಗಜೇಂದ್ರಗಡದಲ್ಲಿ ಟ್ರ್ಯಾಕ್ಟರ್ ಟ್ರಾಲಿ ಕಟ್ಟುವ ಶೆಡ್ಡಿನಲ್ಲಿ ಇನ್ನು ಮೇಲೆ ಪೇಂಟರ್ ಅವಳೇ. ನಾನು ನಾಲ್ಕನೆಯ ಇಯತ್ತೆ ಓದಿದವಳು, ಆದರೂ ಬರೆಯದೆ ಇರಲಾರೆ. ಎದೆ ತುಂಬಿ ಚೆಲ್ಲುತ್ತಿದೆ.

ಹೋದ ವಾರ ಅವಳನ್ನು ಕೆಲಸದಿಂದ ಓಡಿಸುವವರಿದ್ದರು. ಅವಳನ್ನು ಪರೀಕ್ಷಿಸಲೆಂದು ರಾಜೂರಿನ ಗಿರಾಕಿಯ ಟ್ರಾಲಿಗೆ ಅವಳಿಂದ ಕೆಂಪು ಬಣ್ಣ ಹೊಡೆಸಿದ್ದರು. ಅದು ಕುಳಿ ಕುಳಿಯಾಗಿ ನಿಂತಿತ್ತು. ಮಾಲಕ ಎಲ್ಲರನ್ನೂ ಕರೆದು ತೋರಿಸಿದ.

“ಸಿಡುಬು ಬಂದಂಗ ಆಗೇತಿ ನೋಡ್ರಿ. ನಿನ್ನ ಮದಿವ್ಯಾಗ ಪೌಡರ್ ನೀನ ಹಚಗೋಬ್ಯಾಡವಾ, ಗಂಡ ಓಡಿ ಹೋದಾನು.”

ಗಿರಾಕಿಯೂ ನಕ್ಕ. ಬಣ್ಣವನ್ನೆಲ್ಲ ಮರಳು ಕಾಗದದಿಂದ ಅವಳಿಂದಲೇ ತಿಕ್ಕಿಸಿದರು. ಬೆರಳ ತುದಿಯಲ್ಲಿ ರಕ್ತ ಬಂದರೂ ನಿಲ್ಲಗೊಡಲಿಲ್ಲ. “ಇನ್ನೊಮ್ಮೆ ಹಿಂಗ ಆದ್ರ ಮನ್ಯಾಗ ಕೂಡು” ಅಂದ ಮಾಲಕ. ಬುತ್ತಿ ತಂದಿದ್ದ ನಾನು ಬಾಗಿಲಲ್ಲೇ ನಿಂತು ನೋಡಿದೆ.

ಯಾರದೋ ದೃಷ್ಟಿ ತಾಗಿದೆ ಎಂದುಕೊಂಡು ಮರುದಿನ ಬುತ್ತಿಯ ಜೊತೆ ದೀಪದ ಎಣ್ಣೆ ಒಯ್ದೆ. ಹೊಸ ಕಬ್ಬಿಣಕ್ಕೆ ಐದು ಬೊಟ್ಟು ಎಣ್ಣೆ, ಅರಿಶಿನ ಇಟ್ಟು ಸೆರಗಿನಿಂದ ಒರೆಸುವುದು ನಮ್ಮ ಮನೆಯ ರೂಢಿ. ಆ ಸಲ ಬಣ್ಣ ತಿಕ್ಕಿ ತೆಗೆದ ಟ್ರಾಲಿಯ ತಗಡಿಗೆ ಹೆಚ್ಚೇ ಹಚ್ಚಿ ಒರೆಸಿದೆ. ಮೊಮ್ಮಗಳು ನನ್ನ ಕೈ ಹಿಡಿದಳು.

“ಆಯಿ, ಹೋದ ಸಲಾನೂ ಇಟ್ಟಿದ್ದೇನ?”

“ಇಟ್ಟಿದ್ನೆವಾ. ನಿನಗ ಚಲೋ ಆಗ್ಲಿ ಅಂತ.”

ಅವಳು ತಗಡಿನ ಮೇಲೆ ನೀರು ಸುರಿದಳು. ನಾನು ಒರೆಸಿದ ಕಡೆ ನೀರು ಮಣಿ ಮಣಿಯಾಗಿ ಸರಿಯಿತು, ಉಳಿದ ಕಡೆ ಒಂದೇ ಸಮನೆ ಹರಡಿತು.

“ಎಣ್ಣಿ ಇದ್ದಲ್ಲೆ ಬಣ್ಣಾನೂ ಹಿಂಗ ಸರೀತೈತಿ. ನಿನ್ನ ಚಲೋ ಮಾಡೂದ್ರಾಗ ನನ್ನ ಬೆರಳ ಹರದುವು. ಬಾ, ಎಲ್ಲಾರ ಮುಂದ ಹೇಳು.”

ಹೇಳಿದೆ. “ಮೊದಲ ಈ ಮುದುಕೀನ ಥಿನ್ನರ್‌ನ್ಯಾಗ ಅದ್ದಬೇಕಿತ್ತು” ಅಂದ ಮಾಲಕ. ಮೊಮ್ಮಗಳು ಎಲ್ಲರಿಗಿಂತ ಜೋರಾಗಿ ನಕ್ಕಳು.

ಆಮೇಲೆ ಅವಳು ತಗಡನ್ನೆಲ್ಲ ಎಣ್ಣೆ ಜಿಡ್ಡು ತೆಗೆಯುವ ಥಿನ್ನರಿನಿಂದ ಒರೆಸಿದಳು. ಹೊಲಸಾದ ಅರಿವೆಯಿಂದ ಮತ್ತೆ ಒರೆಸಲಿಲ್ಲ, ಪ್ರತಿಸಲ ಹೊಸ ಅರಿವೆ. ಬರಿಗೈ ತಾಗಿಸಲಿಲ್ಲ. ಧೂಳು ಏಳದಂತೆ ನೆಲಕ್ಕೆ ನೀರು ಚಿಮುಕಿಸಿ ತೆಳ್ಳಗೆ ಎರಡು ಸಲ ಬಣ್ಣ ಹೊಡೆದಳು. ಇವತ್ತು ಮಾಲಕ ಟ್ರಾಲಿಯ ಸುತ್ತ ಮೂರು ಸಲ ತಿರುಗಿದ. ಎಲ್ಲಾದರೂ ಒಂದು ಕುಳಿ ಸಿಗಲಿ ಎಂದೇ ಹುಡುಕಿದ, ಖರೇ ಹೇಳುತ್ತೇನೆ. ಸಿಗಲಿಲ್ಲ. ಗನ್ ಅವಳ ಕೈಗೆ ಕೊಟ್ಟ.

ನಾನಿನ್ನು ಶೆಡ್ಡಿನೊಳಗೆ ಕಾಲಿಡುವಂತಿಲ್ಲ. ಅದು ಮೊಮ್ಮಗಳ ಹುಕುಂ. ಇಡುವುದಿಲ್ಲ, ನನಗೇನೂ ಬೇಸರವಿಲ್ಲ.

ಸಂಜೆ ಸೊಸೆ ಹೋಳಿಗೆ ಮಾಡಿದಳು. ಮಗ, ಸೊಸೆ, ಮೊಮ್ಮಗಳು, ನಾನು ಸುತ್ತ ಕೂತೆವು. ಪಟ್ಟಿ ಕಟ್ಟಿದ ಬೆರಳಿಂದ ಅವಳಿಗೆ ಹೋಳಿಗೆ ಮುರಿಯಲು ಬರಲಿಲ್ಲ. ನಾನು ಮುರಿದುಕೊಟ್ಟೆ. ತಿಂದಳು, ಎಲ್ಲರೂ ತಿಂದೆವು.