ಬೆನ್ನು ತಿರುಗಿಸಿ ಕುಳಿತ ಹಣಮವ್ವ

ತೆಂಗಳಿಯ ನಮ್ಮ ಮಹಿಳಾ ಸಂಘಕ್ಕೆ ಹೊಸಬರು ಸೇರಿದರೆ ಮೊದಲ ದಿನ ಹಿಟ್ಟು ಮುಟ್ಟುವ ಹಾಗಿಲ್ಲ. ರೊಟ್ಟಿ ಬಡಿಯುವವರ ಕಡೆ ಬೆನ್ನು ಹಾಕಿ ಸುಮ್ಮನೆ ಕೂರಬೇಕು. ನೋಡಿದವರು ನಗುತ್ತಾರೆ, ನಗಲಿ. ಈ ಪದ್ಧತಿ ಹುಟ್ಟಿದ್ದು ಹಣಮವ್ವನ ಸಿಟ್ಟಿನಿಂದ.

ಹಣಮವ್ವ ಬಡಿದ ಜೋಳದ ಖಡಕ್ ರೊಟ್ಟಿ ಹಪ್ಪಳದಷ್ಟು ತೆಳು. ಆದರೂ ಬಸ್ಸಿನ ಕುಲುಕಾಟ ತಡೆದುಕೊಂಡು ವಾಡಿಯ ಅಂಗಡಿಗೆ ಇಡಿಯಾಗಿ ತಲುಪುತ್ತಿತ್ತು. ಕಳೆದ ವರ್ಷ ಆಕೆ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಬಿಚ್ಚಿದ ಮೇಲೂ ಕೈ ಮೊದಲಿನಂತೆ ಬಾಗಲಿಲ್ಲ. ಸಂಘದಲ್ಲಿ ಬಡಿದವರಿಗಷ್ಟೇ ಪಗಾರ, ಆಕೆಯ ಮನೆ ನಡೆಯುವುದು ಅದರಲ್ಲೇ. ಒಂದು ಬೆಳಿಗ್ಗೆ ಬಂದವಳೇ, "ನನ್ನ ಹೆಸರು ತೆಗೀರಿ. ಬಡೀದೆ ಸುಮ್ನ ಹೆಸರಿಗಷ್ಟೇ ಇರಾಕ ನನಗ ಮನಸಿಲ್ಲ" ಎಂದಳು.

ಸಂಘದ ಕಾರ್ಯದರ್ಶಿ ನಾನು, ಶಿವರಂಜನಿ. ನನ್ನ ರೊಟ್ಟಿಯನ್ನು ಕಟ್ಟಿಕೊಂಡ ಗಂಡನೂ ಹೊಗಳಿದ್ದಿಲ್ಲ. ಹಣಮವ್ವ ಇಲ್ಲದ ದಿನಗಳಲ್ಲಿ ನಮ್ಮ ರೊಟ್ಟಿಗಳ ಅಂಚು ಬಿರಿದು, ವಾಡಿ ಮುಟ್ಟುವಷ್ಟರಲ್ಲಿ ಚೂರಾಗುತ್ತಿದ್ದವು. ಮುಂದಿನ ಸಲವೂ ಹೀಗಾದರೆ ಬೇಡವೇ ಬೇಡ ಎಂದು ಅಂಗಡಿಯವರು ಹೇಳಿಬಿಟ್ಟಿದ್ದರು. ಹಿಟ್ಟೆಷ್ಟು, ಬಿಸಿ ಎಸರೆಷ್ಟು, ಎಷ್ಟು ಹೊತ್ತು ನಾದಬೇಕು ಎಂದು ತರಬೇತಿಯವರು ಬರೆಸಿದ ಬೋರ್ಡು ಗೋಡೆಯ ಮೇಲಿತ್ತು. ಎಲ್ಲರೂ ಅದರಂತೆಯೇ ಮಾಡುತ್ತಿದ್ದರು.

"ಹೆಸರು ತೆಗೆಯೋದು ಆಮ್ಯಾಲ. ಮೊದ್ಲ ಇವರಿಗಿ ಕಲಿಸ್ರಿ" ಎಂದೆ.

ಆಕೆ ಕೂತು ಹೇಳತೊಡಗಿದಳು. ಎಸರು ಕುದಿಯಬೇಕು, ಹಿಟ್ಟು ಚೆಂದ ನಾದಬೇಕು. ಅಷ್ಟು ಬೋರ್ಡಿನಲ್ಲೂ ಇತ್ತು.

"ಚೆಂದ ಅಂದ್ರ ಎಷ್ಟು ಅತ್ತಿ?" ಎಂದಳು ಲುಂಬಿನಿ. ಹೋದ ವರ್ಷ ಸೇರಿದವಳು, ಬಾಯಿ ಮಾತ್ರ ಸಂಘಕ್ಕಿಂತ ದೊಡ್ಡದು.

"ಅದೇನ್ ಹೇಳೋದದ? ಕೈಗಿ ಗೊತ್ತಾಗ್ತದ."

"ನಿಮ್ಮ ಕೈಗಿ ಗೊತ್ತಾಗ್ತದ. ನಮ್ಮ ಕೈಗಿ ಯಾರು ಹೇಳ್ಬೇಕು?"

ಹಣಮವ್ವನಿಗೆ ಸಿಟ್ಟು ನೆತ್ತಿಗೇರಿತು. ಎದ್ದು ಹೋಗಿ ಹೊರಗಿನ ಫರ್ಸಿ ಕಲ್ಲಿನ ಕಟ್ಟೆಯ ಮೇಲೆ ನಮಗೆ ಬೆನ್ನು ಹಾಕಿ ಕುಳಿತಳು. ಮನೆಗೆ ಹೋಗಲು ಮನಸ್ಸಿಲ್ಲ, ಒಳಗೆ ಬರಲು ಬಿಗುಮಾನ. ನಾವೂ ಕರೆಯಲಿಲ್ಲ. ಕೆಲಸ ನಡೆಯುತ್ತಿತ್ತು.

ಸ್ವಲ್ಪ ಹೊತ್ತಿಗೆ, ತಿರುಗಿ ನೋಡದೆಯೇ, "ಲುಂಬಿನಿ, ಅದನ್ನ ಹಂಚಿಗಿ ಹಾಕಬ್ಯಾಡ, ಬಿರೀತದ. ಇನ್ನಾ ನಾದು" ಎಂದಳು.

ಲುಂಬಿನಿಯ ಕೈ ನಿಂತಿತು. ಬಗ್ಗಿ ನೋಡಿದರೆ ರೊಟ್ಟಿಯ ಅಂಚಿನಲ್ಲಿ ಸಣ್ಣ ಬಿರುಕು.

"ಬೆನ್ನಿಗಿ ಕಣ್ಣವ ಏನ್ರಿ ಅತ್ತಿ?"

ಹಣಮವ್ವ ತಾನೇ ಬೆರಗಾಗಿದ್ದಳು. "ಸಪ್ಪಳ ಬ್ಯಾರೆ ಬಂತವ್ವ. ಇಷ್ಟ್ ದಿನ ನಾ ಅದನ್ನ ಕೇಳ್ಲಿಕತ್ತಿದ್ದೆ ಅಂತ ನನಗೇ ಗೊತ್ತಿರ್ಲಿಲ್ಲ."

ಮರುದಿನದಿಂದ ಸರದಿಯ ಮೇಲೆ ಒಬ್ಬೊಬ್ಬರೇ ಆಕೆಯ ಪಕ್ಕ ಬೆನ್ನು ಹಾಕಿ ಕೂತೆವು. ಮೊದಮೊದಲು ಏನೂ ತಿಳಿಯಲಿಲ್ಲ, ಬರೀ ಜಗಳ. ಆಮೇಲೆ ಕಿವಿ ತೆರೆಯಿತು. ನಾದಿದ್ದು ಸಾಲದಿದ್ದರೆ ಸಪ್ಪಳ ಒಣಒಣ. ಹದವಾಗಿದ್ದರೆ ಮಲಗಿಸುವಾಗ ಮಗುವಿನ ಬೆನ್ನು ತಟ್ಟಿದ ಹಾಗೆ. ಬೋರ್ಡಿನ ಕೆಳಗೆ 'ಬಡಿಯುವಾಗ ಸಪ್ಪಳ ಕೇಳಿ' ಎಂದು ನಾನೇ ಬರೆದೆ. ಏನು ಕೇಳಬೇಕು ಎನ್ನುವುದಕ್ಕೆ ಮಾತ್ರ ಕಟ್ಟೆಯ ಮೇಲೇ ಕೂರಬೇಕು. ನನ್ನ ರೊಟ್ಟಿಯೂ ಈಗ ಬಿರಿಯುವುದಿಲ್ಲ. ಆ ಹೆಂಗಸಿನ ಸಿಟ್ಟಿಗೆ ನಾನು ಋಣಿ.

ಮುಂದಿನ ಸಲ ವಾಡಿಗೆ ಹೋದ ರೊಟ್ಟಿ ಇಡಿಯಾಗಿ ತಲುಪಿತು. ಬಡಿಯುವವರಿಗೆ ಎಷ್ಟೋ, ಸಪ್ಪಳ ಕೇಳುವವಳಿಗೂ ಅಷ್ಟೇ ಪಗಾರ ಎಂದು ಸಭೆಯಲ್ಲಿ ಮೊದಲು ಕೈ ಎತ್ತಿದವಳು ಲುಂಬಿನಿ.

ಅಂದು ಮಧ್ಯಾಹ್ನ ಲುಂಬಿನಿ ಹಂಚಿನಿಂದ ತೆಗೆದ ಬಿಸಿ ರೊಟ್ಟಿಗೆ ಪುಂಡಿಸೊಪ್ಪಿನ ಪಲ್ಯ ಹಚ್ಚಿ ಹಣಮವ್ವನ ಮುಂದಿಟ್ಟಳು. ಒಂದು ತುತ್ತು ತಿಂದ ಹಣಮವ್ವ ಹಾಗೇ ಕುಳಿತಳು. ಕಣ್ಣು ತುಂಬಿತ್ತು. ಖಾರವಾಯಿತೇನೋ ಎಂದು ನಾನು ನೀರು ಕೊಟ್ಟೆ.

"ಸಣ್ಣಾಕಿ ಇದ್ದಾಗಿಂದ ರೊಟ್ಟಿ ಬಡ್ದೀನಿ" ಎಂದಳು. "ಎಲ್ಲರ್ದೂ ಊಟ ಆದ ಮ್ಯಾಲ ಆರಿದ್ದು ತಿಂದೀನಿ. ಇಕಿ ಬಡ್ದಿದ್ರೂ ಇದು ನನ್ನ ಕೈ ರೊಟ್ಟೀನೇ. ಅದನ್ನ ಬಿಸಿದು ಉಂಡಿದ್ದು ಇವತ್ತೇ ನೋಡವ್ವ."