ಮಂಗಳನ ನೆಲದಲ್ಲಿ ಸಿಕ್ಕ ಕಾಲು

ಹೋದ ವರ್ಷದ ಮಾತು. ಬೀಳಗಿ ತಾಲ್ಲೂಕಿನ ಗಲಗಲಿ ಹತ್ತಿರದ ಸರ್ಕಾರಿ ಶಾಲೆಯೊಂದಕ್ಕೆ ನಾನು ವಿಜ್ಞಾನ ಶಿಕ್ಷಕಿಯಾಗಿ ಬಂದು ಮೂರು ತಿಂಗಳಾಗಿತ್ತಷ್ಟೆ. ಪರಾತದಲ್ಲಿ ಹಿಟ್ಟು ಹರವಿ, ಮೇಲಿನಿಂದ ಗೋಲಿ ಬೀಳಿಸಿ ಮಕ್ಕಳಿಗೆ ಚಂದ್ರನ ಕುಳಿಗಳನ್ನು ತೋರಿಸಿದ್ದೆ. ಅಷ್ಟಕ್ಕೇ ಊರಲ್ಲಿ ‘ಹೊಸ ಅಕ್ಕೋರು ಬರೇ ಆಟ ಆಡಸ್ತಾರ’ ಎಂಬ ಮಾತು ಹಬ್ಬಿತ್ತು.

ಆ ದಿನ ಏಳನೆಯ ತರಗತಿಗೆ ಮಂಗಳ ಗ್ರಹದ ಪಾಠ. ಶಾಲೆಯ ಅಂಗಳದಲ್ಲಿ ಇಟ್ಟಂಗಿ ಪುಡಿ ಚೆಲ್ಲಿ ಅಲ್ಲಲ್ಲಿ ಕಲ್ಲು ಇಟ್ಟೆವು. ಮಂಗಳನ ಮೇಲೆ ಓಡಾಡುವ ರೋವರ್ ಗಾಡಿ ನಾನೇ. ಓಢಣಿಯಿಂದ ಕಣ್ಣು ಕಟ್ಟಿಕೊಂಡು, ಎಡವದೆ ನಿಧಾನವಾಗಿ ನಡೆಯುತ್ತಲೇ ಇದ್ದು, ಕೊನೆಗೆ ಹೇಳಿದ ಕಲ್ಲೊಂದನ್ನು ಹಿಡಿಯಬೇಕು. ಭೂಮಿಯಿಂದ ಕಳಿಸಿದ ಮಾತು ಅಲ್ಲಿಗೆ ಮುಟ್ಟಲು ಹೊತ್ತು ಹಿಡಿಯುತ್ತದಲ್ಲ, ಅದಕ್ಕೇ ಕಟ್ಟೆಯ ಮೇಲೆ ನಿಂತ ಲಕ್ಕವ್ವ ಎಂಬ ಹುಡುಗಿ ದಾರಿ ನೋಡಿ, ಐದು ಎಣಿಸಿ, ಆಮೇಲೆ ಕೂಗಬೇಕು. ತರಗತಿಯಲ್ಲಿ ಬಾಯಿ ಬಿಡದ ಹುಡುಗಿ ಅವಳು. ಬೇಕೆಂದೇ ಆ ಕೆಲಸ ಕೊಟ್ಟಿದ್ದೆ.

ಮೂರು ಸಲ ಕಲ್ಲಿಗೆ ಎಡವಿದೆ. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾಲ್ಕನೆಯ ಸಲ ಲಕ್ಕವ್ವ, “ಬಗ್ಗರಿ ಅಕ್ಕೋರ, ಕಲ್ಲ ಹಿಡೀರಿ” ಎಂದಳು. ಬಗ್ಗಿ ಹಿಡಿದೆ. ಕಲ್ಲು ಬೆಚ್ಚಗಿತ್ತು. ಅದಕ್ಕೆ ಬೆರಳುಗಳಿದ್ದವು.

“ಅದು ನನ್ನ ಕಾಲ್ರಿ ಅಕ್ಕೋರ” ಎಂದಿತು ಒಂದು ಗಂಡು ದನಿ.

ಓಢಣಿ ಕಿತ್ತು ನೋಡಿದರೆ ಹೆಗಲ ಮೇಲೆ ಕಂಬಳಿ ಹೊತ್ತ ಲಕ್ಕವ್ವನ ಅಪ್ಪ, ಕುರಿ ಕಾಯುವ ಮಾಳಪ್ಪ. ಲಕ್ಕವ್ವ ಐದು ಎಣಿಸುವಷ್ಟರಲ್ಲಿ ನಾನು ಕಲ್ಲು ದಾಟಿ, ಆಗಷ್ಟೇ ಒಳಗೆ ಬಂದು ನಿಂತಿದ್ದ ಅವರ ಕಾಲಿಗೇ ಕೈ ಹಾಕಿದ್ದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

“ಮಗಳ ಟಿ.ಸಿ. ಒಯ್ಯಾಕ ಬಂದೇನ್ರಿ. ಜಮಖಂಡಿ ಸಾಲಿಗಿ ಹಾಕತೇನಿ. ಇಲ್ಲಿ ಬರೇ ಆಟ ಅಂದ್ರು. ನೋಡಿದ್ರ ಖರೇನ ಐತಿ” ಎಂದರು.

ಲಕ್ಕವ್ವ ಕಟ್ಟೆ ಇಳಿದು ಬಂದಳು.

“ಆಟ ಅಲ್ಲಪ್ಪಾ. ಮಂಗಳ ಭಾಳ ದೂರ ಐತಿ. ನಾವು ಹೇಳಿದ್ದು ಮುಟ್ಟೂದ್ರಾಗ ಗಾಡಿ ಮುಂದ ಹೋಗಿರ್ತೈತಿ. ಅದಕ್ಕ ತಪ್ಪಾಕತ್ತೈತಿ.”

ಮಾಳಪ್ಪ ಸ್ವಲ್ಪ ಹೊತ್ತು ಆ ಕೆಂಪು ಪುಡಿ, ಕಲ್ಲುಗಳನ್ನೇ ನೋಡಿದರು.

“ಕುರಿನೂ ಹಂಗ ನೋಡವಾ. ನನ್ನ ದನಿ ಆ ದಂಡಿಗಿ ಮುಟ್ಟೂದ್ರಾಗ ಮಂದಿ ಹೊಲದಾಗ ಬಾಯಿ ಹಾಕಿರ್ತಾವು. ಕುರಿ ಎಲ್ಲೈತಿ ಅಂತ ನೋಡಿ ಕೂಗಬಾರದು. ಎಲ್ಲಿಗಿ ಹೊಂಟೈತಿ ಅಂತ ನೋಡಿ ಕೂಗಬೇಕು.”

ನಾನು ಮತ್ತೆ ಕಣ್ಣು ಕಟ್ಟಿಕೊಂಡೆ. ಈ ಸಲ ಅಪ್ಪ-ಮಗಳು ಇಬ್ಬರೂ ಕಟ್ಟೆಯ ಮೇಲೆ. ಮಾಳಪ್ಪ ನನ್ನ ನಡಿಗೆಯ ಅಂದಾಜು ಹಿಡಿದು ಮೊದಲೇ ಹೇಳುವರು, ಲಕ್ಕವ್ವ ಐದು ಎಣಿಸಿ ಕೂಗುವಳು. ಒಂದು ಸಲವೂ ಎಡವದೆ ಅಂಗಳ ದಾಟಿ, ಕೊನೆಗೆ ಕಲ್ಲನ್ನೇ ಹಿಡಿದೆ.

ಹೊರಡುವಾಗ ಮಾಳಪ್ಪ ಟಿ.ಸಿ.ಯ ಮಾತೆತ್ತಲಿಲ್ಲ. ತಡೆಯಲಾರದೆ ನಾನೇ ಕೇಳಿದೆ.

“ಇರ್ಲಿ ಬಿಡ್ರಿ. ನಾಕ್ ಮಂದ್ಯಾಗ ಆಕಿ ಮಾತಾಡಿದ್ದು ಇವತ್ತ ಮೊದಲ ಸಲ ಕೇಳಿದೆ” ಎಂದರು.

ಅವರ ಕಾಲು ಹಿಡಿದ ಆ ಕ್ಷಣ ನೆನೆದರೆ ಈಗಲೂ ನನ್ನ ಮುಖ ಬಿಸಿಯಾಗುತ್ತದೆ, ಹಿಂದೆಯೇ ನಗುವೂ ಬರುತ್ತದೆ. ಈ ವರ್ಷ ಅದೇ ಪಾಠ ಬಂದಾಗ ಮಾಳಪ್ಪನವರಿಗೆ ಹೇಳಿ ಕಳಿಸಿದೆ. “ನನ್ನ ಕುರಿ ಯಾರ ಕಾಯಬೇಕ್ರಿ?” ಎಂದು ಗೊಣಗಿದರಂತೆ. ಮರುದಿನ ನಾನು ಶಾಲೆ ಮುಟ್ಟುವ ಮೊದಲೇ ಕಟ್ಟೆಯ ಮೇಲೆ ನಿಂತಿದ್ದರು.