ಗೋಪಾಳದಿಂದ ಅಕ್ಕನಿಗೊಂದು ಕೆಳದನಿ

ಲಾರಿಯಿಂದ ಇಳಿಸಿ ಹಾಲ್‌ನಲ್ಲಿಟ್ಟ ನನ್ನ ಡಿಜಿಟಲ್ ಪಿಯಾನೋಗೆ ಮನೆಯೊಡತಿ ಗಿರಿಜಮ್ಮನವರು ಮೂರು ಬೆರಳಲ್ಲಿ ವಿಭೂತಿ ಎಳೆದುಬಿಟ್ಟಿದ್ದರು. ನಾನು ಒಳಗೆ ಗ್ಯಾಸ್ ಒಲೆ ಜೋಡಿಸಿ ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಮಂಗಳೂರಿನ ಚರ್ಚ್‌ನಲ್ಲಿ ಆರ್ಗನ್ ಬಾರಿಸುತ್ತ ಬೆಳೆದವಳು ನಾನು. ಒರೆಸಲೋ ಬೇಡವೋ ತಿಳಿಯದೆ ನಿಂತೆ. "ವಾದ್ಯ ಅಲ್ವೇನಮ್ಮ, ಹಂಗೇ ಒಳಗೆ ಕರ್ಕೊಳ್ಳೋಕಾಗುತ್ತಾ?" ಎಂದರು. ಒರೆಸಲಿಲ್ಲ.

ಗಂಡನಿಗೆ ಭದ್ರಾವತಿಯ ಕಾರ್ಖಾನೆಯಲ್ಲಿ ಕೆಲಸ, ನನಗೆ ಶಿವಮೊಗ್ಗದ ಶಾಲೆಯೊಂದರಲ್ಲಿ. ಹಾಗಾಗಿ ಅಲ್ಲಿನ ಗೋಪಾಳ ಬಡಾವಣೆಯಲ್ಲಿ ಈ ಬಾಡಿಗೆ ಮನೆ. ಮೀನು ಬೇಯಿಸಬಾರದೆಂಬ ಷರತ್ತಿಗೆ ಒಪ್ಪಿಯೇ ಬಂದೆವು. ಭಾನುವಾರ ಭದ್ರಾವತಿಯಲ್ಲಿ ಗಂಡನ ತಮಿಳು ಗೆಳೆಯರ ಮನೆಯಲ್ಲಿ ಹೊಟ್ಟೆತುಂಬ ಮೀನು ತಿಂದು, ಮನೆಯೊಳಗೆ ಬರುವಾಗ ಕಳ್ಳರ ಹಾಗೆ ಬಾಯಿ ಮುಚ್ಚಿಕೊಂಡು ಬರುತ್ತೇವೆ. ನಾವು ಊರಿನಲ್ಲಿ ದಿನವೂ ಉಣ್ಣುವ ಗಂಜಿ ಇಲ್ಲಿ ಜ್ವರ ಬಂದವರ ಪಥ್ಯ. ನಾನು ಗಂಜಿ ಉಣ್ಣುವುದನ್ನು ಕಂಡ ಗಿರಿಜಮ್ಮ ನನ್ನ ಹಣೆ ಮುಟ್ಟಿ ನೋಡಿದ್ದರು. ಚರುಮುರಿಯನ್ನು ಮಂಡಕ್ಕಿ ಎನ್ನಲು ಬೇಗ ಕಲಿತೆ. ಒಂದು ಮಾತೂ ತುಳು ಆಡದೆ ದಿನ ಕಳೆಯುವುದನ್ನು ಕಲಿಯಲು ಮಾತ್ರ ಬಹಳ ತಡವಾಯಿತು.

ಪಿಯಾನೋ ಮಸ್ಕತ್ತಿನ ಸೋದರಮಾವ ಕೊಟ್ಟದ್ದು. ಅದರಲ್ಲಿ ನಾನು ಬಾರಿಸುವುದು ಬರೋಕ್ ಎಂಬ, ಮುನ್ನೂರು ವರ್ಷ ಹಳೆಯ ಯುರೋಪಿನ ಸಂಗೀತ. ಕೌಂಟರ್‌ಪಾಯಿಂಟ್ ಅದರ ಜೀವ. ಒಂದು ದನಿ ಏನೋ ಹೇಳತೊಡಗುತ್ತದೆ. ಇನ್ನೊಂದು ತುಸು ತಡೆದು ಅದನ್ನೇ ಹೇಳುತ್ತ ತನ್ನ ದಾರಿ ಹಿಡಿಯುತ್ತದೆ. ಎರಡರಲ್ಲಿ ಯಾವುದೂ ಪಕ್ಕವಾದ್ಯವಲ್ಲ. ಊರಿನ ಚರ್ಚ್‌ನಲ್ಲಿ, ಕಾಲಲ್ಲಿ ತಿದಿಯೊತ್ತುವ ಹಳೆಯ ಆರ್ಗನ್ನಿನ ಮುಂದೆ ಅಕ್ಕ ಮತ್ತು ನಾನು ಒಂದೇ ಬೆಂಚಿನಲ್ಲಿ ಕೂರುತ್ತಿದ್ದೆವು. ಮೇಲಿನ ದನಿ ಅವಳದು, ಕೆಳಗಿನದು ನನ್ನದು. ಮೊಣಕೈ ತಾಗಿತೆಂದು ಜಗಳವಾಡದ ದಿನವಿಲ್ಲ. ಇಲ್ಲಿ ಎರಡು ದನಿಯೂ ನನ್ನ ಕೈಗಳದೇ. ಬೆರಳಿಗೇನೂ ತೊಂದರೆಯಿಲ್ಲ, ಆದರೆ ಬಲ ಮೊಣಕೈಯ ಪಕ್ಕ ಯಾರೂ ಇಲ್ಲದ್ದು ಅಭ್ಯಾಸವಾಗಲಿಲ್ಲ.

ಅದಕ್ಕೇ ಕ್ಯಾಸೆಟ್ಟು ಶುರುವಾಯಿತು. ಪಿಯಾನೋದಿಂದ ಟೇಪ್‌ರೆಕಾರ್ಡರಿಗೆ ವೈರ್ ಹಾಕಿ ನನ್ನ ಕೆಳದನಿಯಷ್ಟನ್ನೇ ರೆಕಾರ್ಡ್ ಮಾಡಿ ಕಳಿಸುತ್ತಿದ್ದೆ. ಅಕ್ಕ ಚರ್ಚ್‌ನಲ್ಲಿ ಅದನ್ನು ಹಾಕಿಕೊಂಡು ಆರ್ಗನ್ನಿನಲ್ಲಿ ತನ್ನ ದನಿ ಸೇರಿಸುತ್ತಿದ್ದಳು. ನಾನು ಪಕ್ಕದಲ್ಲೇ ಕೂತ ಹಾಗಾಯಿತೆಂದು ಮೊದಲ ಸಲ ಅವಳು ಫೋನಿನಲ್ಲಿ ಹೇಳಿದಾಗ ನಾನು ಅತ್ತಿದ್ದೆ.

ಕೊನೆಗೆ ಚರ್ಚ್‌ನವರು ಆ ಆರ್ಗನ್ನನ್ನು ತೆಗೆದು ಹೊಸ ಕೀಬೋರ್ಡ್ ತರುವುದೆಂದು ತೀರ್ಮಾನಿಸಿದರು. ಅದರ ಕೊನೆಯ ಭಾನುವಾರ ನಾವಿಬ್ಬರೂ ಬಾರಿಸಲೇಬೇಕೆಂದು ಅಕ್ಕ ಹಟ ಹಿಡಿದಳು. ಶಾಲೆಯಲ್ಲಿ ಪರೀಕ್ಷೆಯ ಸಮಯ, ನನಗೆ ರಜೆ ಸಿಗಲಿಲ್ಲ. ನಾನು ಹೋಗದಿದ್ದರೂ ನನ್ನ ದನಿಯಾದರೂ ಹೋಗಲಿ ಎಂದು ಕ್ಯಾಸೆಟ್ ಕಳಿಸಿದೆ.

ಅದಕ್ಕೂ ಕೆಲವು ತಿಂಗಳ ಮೊದಲೇ ಗಿರಿಜಮ್ಮನ ಸೋಮವಾರದ ವಚನಗಾಯನಕ್ಕೆ ನನ್ನ ಪಿಯಾನೋ ಸೇರಿಕೊಂಡಿತ್ತು. ವಯಸ್ಸಿಗೆ ಅವರ ದನಿ ತಗ್ಗಿತ್ತು, ಮೇಲಕ್ಕೆ ಏರುತ್ತಿರಲಿಲ್ಲ. ಪಿಯಾನೋದ ಹಿಂಬದಿಯಲ್ಲಿ ಇಡೀ ವಾದ್ಯದ ಶ್ರುತಿಯನ್ನೇ ಏರಿಳಿಸುವ ಪುಟ್ಟ ಗುಂಡಿಯಿದೆ. ಅದನ್ನು ಅವರ ಗಂಟಲಿಗೆ ಸರಿಯಾಗುವಷ್ಟು ಇಳಿಸಿದೆ. "ಈಗ ಕೂತ್ಕೊಳ್ತು ನೋಡಮ್ಮ" ಎಂದು ಅವರು ತಮ್ಮ ಮುಡಿಯ ಮಲ್ಲಿಗೆಯನ್ನೇ ಮುರಿದು ನನಗೆ ಮುಡಿಸಿದರು. ಬೀದಿಯ ಹೆಂಗಸರೆಲ್ಲ ನಮ್ಮ ಹಾಲ್‌ಗೇ ಬರತೊಡಗಿದರು. ಹೆಸರು ಹಿಡಿದು ಕರೆಯುವ ಜನ ಸಿಕ್ಕ ಖುಷಿಯಲ್ಲಿ ಗುಂಡಿಯ ನೆನಪು ನನಗೆ ಮತ್ತೆ ಬರಲಿಲ್ಲ. ಆ ತಿಂಗಳುಗಳಲ್ಲಿ ಅಕ್ಕನಿಗೆ ಕ್ಯಾಸೆಟ್ ಕಳಿಸುವುದೂ ನಿಂತುಹೋಗಿತ್ತು.

ಆ ಭಾನುವಾರ ಮಧ್ಯಾಹ್ನ ಅಕ್ಕನ ಫೋನ್ ಬಂತು.

"ನಿನ್ನ ಟೇಪ್ ಆರ್ಗನಿಗೆ ಸೇರಲೇ ಇಲ್ಲ ಮಾರಾಯ್ತಿ. ಇಡೀ ಎರಡು ಕೀ ಕೆಳಗೆ ಉಂಟು."

ಕ್ಯಾಸೆಟ್ ಕೈಸೇರಿದ್ದೇ ಶನಿವಾರ ಸಂಜೆ. ತನ್ನ ಟೇಪ್‌ರೆಕಾರ್ಡರೇ ಕೆಟ್ಟಿತೆಂದು ಹಳೆಯ ಕ್ಯಾಸೆಟ್ಟೊಂದನ್ನು ಹಾಕಿ ನೋಡಿದಳಂತೆ. ಅದು ಸರಿಯಾಗಿಯೇ ಸೇರಿತು. ಹಾಗಾದರೆ ಚರ್ಚ್‌ನಲ್ಲಿ ಎಂತ ಮಾಡಿದಿ ಎಂದು ಕೇಳಿದೆ.

"ನನ್ನದು ಮಾತ್ರ ಬಾರಿಸಿದೆ. ನೀನು ಒಬ್ಬಳೇ ಬಾರಿಸುವ ಕಡೆ ಸುಮ್ಮನೆ ಕೂತೆ. ಮುಗಿಯಿತು ಅಂತ ಜನ ಎದ್ದು ನಿಂತರು."

ಇಬ್ಬರೂ ನಕ್ಕೆವು. ಆಮೇಲೆ ಅವಳು ಮೆಲ್ಲಗೆ ಕೇಳಿದಳು: "ಬಾರಿಸುವಾಗ ನಿನಗೆ ಗೊತ್ತಾಗಲಿಲ್ಲವಾ?"

ಗೊತ್ತಾಗಿರಲಿಲ್ಲ. ಆ ಆರ್ಗನ್ನಿನ ಸ್ವರ ನಿದ್ದೆಯಲ್ಲಿ ಕೇಳಿದರೂ ಗುರುತು ಹಿಡಿಯುತ್ತೇನೆಂದು ಕೊಚ್ಚಿಕೊಳ್ಳುತ್ತಿದ್ದವಳು ನಾನು. ಫೋನ್ ಇಟ್ಟು, ಗುಂಡಿಯನ್ನು ಅದರ ಮೊದಲ ಜಾಗಕ್ಕೆ ಸರಿಸಿ ಬಾರಿಸಿದೆ. ಬಂದದ್ದು ಊರಿನ ಶ್ರುತಿಯೇ. ಆದರೆ ನನ್ನ ಕಿವಿಗೆ ಅದು ತೀರಾ ಎತ್ತರವಾಗಿತ್ತು, ಬೇರೆ ಯಾರದೋ ವಾದ್ಯದ ಹಾಗೆ.

ಮರುದಿನ ಸೋಮವಾರ. ಗಿರಿಜಮ್ಮ ಬರುವ ಮೊದಲು ಗುಂಡಿಯನ್ನು ಮತ್ತೆ ಇಳಿಸಿ ಒಂದು ಸ್ವರ ಒತ್ತಿದೆ. ಕಿವಿಗೆ ಹಿತವಾಯಿತು. ಹಿತವಾಗಿಬಿಟ್ಟಿತಲ್ಲಾ ಎಂದು ಅಳು ಬಂತು.